ಅಪ್ಪನ ಹರ್ನಿಯಾ ಆಪರೇಶನ್‌ಗೆ ಯಾವ ಅರಿವಳಿಕೆ? ಡಾಕ್ಟರ ಹತ್ತಿರ ಕೇಳಿ ತಿಳಿಯುವ ಬಗೆ

ನಮ್ಮ ಅಪ್ಪಯ್ಯನಿಗೆ ಹರ್ನಿಯಾ ಆಪರೇಶನ್ ಎರಡು ಸಲ ಆಗಿದೆ. ಬಲಗಡೆಯದು 74ನೇ ವಯಸ್ಸಿಗೆ, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದ್ದು. ಎಡಗಡೆಯದು 77ಕ್ಕೆ, ತೊಡೆಸಂದಿಯ ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡಿದ್ದು. ಮನುಷ್ಯ ಒಬ್ಬನೇ, ಕಾಯಿಲೆ ಒಂದೇ, ಒಳಗೆ ಇಟ್ಟ ಮೆಶ್ಶೂ (ಹೊಲಿದು ಕೂರಿಸುವ ಬಲೆ) ಅದೇ ತರಹದ್ದು. ಆದರೆ ಮೊದಲ ಸಲ ಆಪರೇಶನ್ ಆದ ರಾತ್ರಿ ಮೂತ್ರ ಕಟ್ಟಿಕೊಂಡು, ಕೆಳಹೊಟ್ಟೆ ಉಬ್ಬಿ, ಬೆಳಗಿನ ಜಾವ ಮೂರು ಗಂಟೆಗೆ ಪೈಪ್ ಹಾಕಿಸಿಕೊಂಡು, ಆ ಪೈಪು ಚೀಲದ ಸಮೇತ ನಾಲ್ಕನೇ ದಿನ ಮನೆಗೆ ಬಂದ. ಎರಡನೇ ಸಲ ಮಧ್ಯಾಹ್ನ ಆಪರೇಶನ್ ಮುಗಿಯಿತು, ಸಂಜೆ ತಾನೇ ಎದ್ದು ಬಾತ್‌ರೂಮಿಗೆ ನಡೆದುಹೋದ, ರಾತ್ರಿ ಗಂಜಿ ಉಂಡ.

ಮೊದಲ ಸಲ ಆದದ್ದಕ್ಕೆ ಆಸ್ಪತ್ರೆಯವರನ್ನೇ ಪೂರ್ತಿ ದೂರುವುದಿಲ್ಲ. ಅಪ್ಪಯ್ಯನಿಗೆ ಪ್ರಾಸ್ಟೇಟ್ (ಮೂತ್ರಕೋಶದ ಕೆಳಗಿನ ಗ್ರಂಥಿ) ದೊಡ್ಡದಾಗಿದೆ, ರಾತ್ರಿ ಮೂತ್ರಕ್ಕೆ ನಾಲ್ಕು ಸಲ ಏಳುತ್ತಾನೆ ಅನ್ನುವುದನ್ನು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಹರ್ನಿಯಾಕ್ಕೂ ಮೂತ್ರಕ್ಕೂ ಎಂತ ಸಂಬಂಧ ಅಂದುಕೊಂಡಿದ್ದೆವು. ಸಂಬಂಧ ಇತ್ತು. ಅದೂ ಹರ್ನಿಯಾದ ಜೊತೆಗಿಂತ ಬೆನ್ನಿನ ಇಂಜೆಕ್ಷನ್ ಜೊತೆಗೆ ಜಾಸ್ತಿ ಇತ್ತು.

ನಾನು ಡಾಕ್ಟರ್ ಅಲ್ಲ. ಶಿರಸಿ ಹತ್ತಿರದ ಹಳ್ಳಿಯಲ್ಲಿ ತೋಟ ನೋಡಿಕೊಂಡಿರುವವನು. ಆದರೆ ಎರಡು ಆಪರೇಶನ್ ನಡುವಿನ ಮೂರು ವರ್ಷದಲ್ಲಿ ಓದಿದ್ದು, ಅನಸ್ತೇಶಿಯಾ (ಅರಿವಳಿಕೆ) ಡಾಕ್ಟರುಗಳ ಹತ್ತಿರ ಕೂತು ಕೇಳಿದ್ದು, ಊರಿನ ನಾಲ್ಕಾರು ಮನೆಯವರ ಜೊತೆ ಆಸ್ಪತ್ರೆಗೆ ಹೋಗಿ ಬಂದದ್ದು ಎಲ್ಲ ಸೇರಿ ಒಂದು ಮಾತು ಗಟ್ಟಿಯಾಯಿತು. "ಯಾವ ಅನಸ್ತೇಶಿಯಾ ಒಳ್ಳೇದು?" ಅಂತ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. "ನಮ್ಮ ಅಪ್ಪನ ಹಾರ್ಟು, ದಮ್ಮು, ಪ್ರಾಸ್ಟೇಟು, ರಕ್ತ ತೆಳುವಾಗುವ ಮಾತ್ರೆ, ನೆನಪಿನ ಶಕ್ತಿ, ಇಷ್ಟನ್ನೂ ನೋಡಿದರೆ ಅವನಿಗೆ ಯಾವುದು ಸರಿ?" ಅಂತ ಕೇಳಬೇಕು. ಅದೂ ಆಪರೇಶನ್ ದಿನ ಬೆಳಿಗ್ಗೆ ಸ್ಟ್ರೆಚರ್ ಪಕ್ಕ ನಿಂತು ಅಲ್ಲ, ಕೆಲವು ದಿನ ಮೊದಲೇ.

ಮೊದಲನೆಯದು, ಆಪರೇಶನ್ ಈಗಲೇ ಬೇಕಾ?

ನಮ್ಮ ಕಡೆ ಹರ್ನಿಯಾ ಹೊಸದೇನಲ್ಲ. ಅಡಿಕೆ ಮೂಟೆ ಹೊತ್ತವರು, ಬೆಟ್ಟದಿಂದ ಸೊಪ್ಪಿನ ಹೊರೆ ತಂದವರು, ಕೆಳಗೆ ಕಾರವಾರ ಅಂಕೋಲೆ ಕಡೆ ದೋಣಿ ಎಳೆದು ಬಲೆ ಎಳೆದು ಬದುಕಿದವರು, ವಯಸ್ಸಾದ ಮೇಲೆ ತೊಡೆಸಂದಿಯಲ್ಲಿ ಗಂಟು ಕಂಡರೆ ವರ್ಷಗಟ್ಟಲೆ ಯಾರಿಗೂ ಹೇಳುವುದಿಲ್ಲ. ಅಪ್ಪಯ್ಯನೂ ಹಾಗೆಯೇ. "ಯಂಗೆಂತ ಆಜಿಲ್ಲೆ" (ನನಗೇನೂ ಆಗಿಲ್ಲ) ಅಂತ ಎರಡು ವರ್ಷ ತಳ್ಳಿದ. ಕೊಯ್ಲು ಮುಗಿಯಲಿ ಅಂದ, ಆಮೇಲೆ ಮಾರಿಜಾತ್ರೆ ಮುಗಿಯಲಿ ಅಂದ.

ಕಾಯುವುದು ಯಾವಾಗಲೂ ತಪ್ಪಲ್ಲ. ಅಮೆರಿಕದಲ್ಲಿ 720 ಗಂಡಸರನ್ನು ಸೇರಿಸಿ ಮಾಡಿದ, 2006ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಜಾಸ್ತಿ ತೊಂದರೆ ಕೊಡದ ಹರ್ನಿಯಾವನ್ನು ಸುಮ್ನೆ ಗಮನಿಸುತ್ತಾ ಇದ್ದರೆ ಏನಾಗುತ್ತದೆ ಅಂತ ನೋಡಿದರು. ತಟ್ಟನೆ ಸಿಕ್ಕಿಹಾಕಿಕೊಂಡು ತುರ್ತು ಆಗುವುದು ಒಂದು ವರ್ಷಕ್ಕೆ ಸಾವಿರ ಜನರಲ್ಲಿ ಇಬ್ಬರಿಗಿಂತ ಕಡಿಮೆ. ಆದರೆ ಅದೇ ಜನರನ್ನು 10 ವರ್ಷ ಹಿಂಬಾಲಿಸಿ ನೋಡಿದಾಗ, 65 ದಾಟಿದವರಲ್ಲಿ ನೂರಕ್ಕೆ 79 ಜನ ಕೊನೆಗೆ ಆಪರೇಶನ್ ಮಾಡಿಸಿಕೊಂಡಿದ್ದರು, ಹೆಚ್ಚಿನವರು ನೋವಿಗಾಗಿ. ಅಂದರೆ ಹೆದರಿಕೊಂಡು ಓಡಬೇಕಾಗಿಲ್ಲ, ಆದರೆ ಒಂದು ದಿನ ಮಾಡಿಸಬೇಕಾಗುವ ಸಾಧ್ಯತೆಯೇ ಜಾಸ್ತಿ. ಹಾಗಾಗಿ ಬಿಪಿ, ಶುಗರ್ ಹಿಡಿತದಲ್ಲಿದ್ದಾಗ, ಕೆಮ್ಮು ದಮ್ಮು ಕಡಿಮೆ ಇದ್ದಾಗ, ನಾವೇ ದಿನ ಆರಿಸಿಕೊಂಡು ಮಾಡಿಸುವುದು ಒಳ್ಳೆಯದು. ಮಳೆಗಾಲ ಬಿಟ್ಟರೆ ಇನ್ನೂ ಒಳ್ಳೆಯದು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ ಎಷ್ಟು ಜನ ಆಸ್ಪತ್ರೆಗೆ ಸುತ್ತು ಬಳಸಿ ಹೋಗಬೇಕಾಯಿತು ಅಂತ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎರಡು ವಿಷಯ ಮಾತ್ರ ಇಲ್ಲೇ ಹೇಳಿಬಿಡುತ್ತೇನೆ. ಈ ಕಾಯುವ ಲೆಕ್ಕ ಗಂಡಸರಿಗೆ ಮಾತ್ರ. ವಯಸ್ಸಾದ ಹೆಂಗಸರಿಗೆ ತೊಡೆಸಂದಿಯಲ್ಲಿ ಗಂಟು ಬಂದರೆ ಅದು ಫೆಮೊರಲ್ ಹರ್ನಿಯಾ ಆಗಿರಬಹುದು, ಅದು ಸಿಕ್ಕಿಹಾಕಿಕೊಳ್ಳುವುದು ಜಾಸ್ತಿ, ಬೇಗ ತೋರಿಸಿ. ಇನ್ನೊಂದು, ಗಂಟು ಒಳಗೆ ಹೋಗದೆ ಗಟ್ಟಿಯಾಗಿ, ಮುಟ್ಟಿದರೆ ನೋವು, ವಾಂತಿ, ಗ್ಯಾಸು ಮಲ ಎರಡೂ ಬಂದ್, ಹೀಗಾದರೆ ಮನೆಯಲ್ಲಿ ಒತ್ತಿ ತಳ್ಳಲು ಹೋಗಬೇಡಿ, ಏನೂ ತಿನ್ನಿಸಬೇಡಿ, 108ಕ್ಕೆ ಫೋನ್ ಮಾಡಿ ಹೊರಡಿ. ಆಗ ಅರಿವಳಿಕೆ ಆರಿಸುತ್ತಾ ಕೂರುವ ಸಮಯ ಇರುವುದಿಲ್ಲ, ಹೆಚ್ಚಾಗಿ ಪೂರ್ತಿ ಮತ್ತು ಕೊಟ್ಟೇ ಮಾಡುತ್ತಾರೆ.

ಇರುವ ದಾರಿಗಳು

ದೊಡ್ಡ ಲೆಕ್ಕದಲ್ಲಿ ಮೂರು. ಆ ಜಾಗಕ್ಕೆ ಮಾತ್ರ ಕೊಡುವ ಲೋಕಲ್. ಬೆನ್ನಿಗೆ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುವ ಸ್ಪೈನಲ್. ಪೂರ್ತಿ ಮಲಗಿಸುವ ಜನರಲ್. ಇದರ ಮೇಲೆ ಸೇರಿಸುವ ಸಣ್ಣಪುಟ್ಟದ್ದು ಇದೆ, ಲೋಕಲ್ ಜೊತೆ ಸ್ವಲ್ಪ ತೂಕಡಿಕೆ ಬರುವ ಔಷಧಿ, ಜನರಲ್ ಜೊತೆ ಹೊಟ್ಟೆಯ ನರಗಳನ್ನು ಮರಗಟ್ಟಿಸುವ ಬ್ಲಾಕ್, ಹೀಗೆ.

ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು ಆಪರೇಶನ್ ಯಾವ ತರಹದ್ದು ಅಂತ. ತೊಡೆಸಂದಿಯಲ್ಲಿ ಕೊಯ್ದು ಮೆಶ್ ಇಡುವ ಓಪನ್ ಆಪರೇಶನ್ ಆದರೆ ಮೂರೂ ದಾರಿ ತೆರೆದಿರುತ್ತವೆ. ಲ್ಯಾಪರೋಸ್ಕೋಪಿ, ಅಂದರೆ ಹೊಟ್ಟೆಗೆ ಗ್ಯಾಸ್ ತುಂಬಿ ಕ್ಯಾಮೆರಾ ಹಾಕಿ ಮಾಡುವುದಾದರೆ ಸಾಮಾನ್ಯವಾಗಿ ಜನರಲ್ಲೇ ಬೇಕು. ಇದು ಎಷ್ಟೋ ಮನೆಯವರಿಗೆ ಗೊತ್ತಾಗುವುದಿಲ್ಲ. "ಲ್ಯಾಪರೋಸ್ಕೋಪಿ ಮಾಡೋಣ, ಗಾಯ ಸಣ್ಣದು" ಅಂದಾಗ ತಲೆ ಆಡಿಸಿ ಬರುತ್ತಾರೆ, ಅದರ ಜೊತೆಗೆ ಪೂರ್ತಿ ಮತ್ತಿಗೂ ಒಪ್ಪಿದ ಹಾಗಾಯಿತು ಅಂತ ಆಮೇಲೆ ತಿಳಿಯುತ್ತದೆ. 80 ದಾಟಿದ, ಹಾರ್ಟು ಲಂಗ್ಸು ಎರಡೂ ಸೋತ ಮನುಷ್ಯನಿಗೆ ಸಣ್ಣ ಗಾಯದ ಲಾಭ ಎಷ್ಟು, ಮತ್ತಿನ ಭಾರ ಎಷ್ಟು ಅಂತ ಆ ಟೇಬಲ್ ಮುಂದೆಯೇ ಕೇಳಿ.

ಲೋಕಲ್

ಇದರ ಬಗ್ಗೆ ನಾನು ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಇದನ್ನು ಕೇಳದಿದ್ದರೆ ಎಷ್ಟೋ ಕಡೆ ಹೇಳುವುದೇ ಇಲ್ಲ.

ಸರ್ಜನ್ನೇ ತೊಡೆಸಂದಿಯ ಚರ್ಮ, ಅದರ ಕೆಳಗಿನ ಪದರ, ಅಲ್ಲಿ ಹಾದುಹೋಗುವ ಎರಡು ಮೂರು ನರ, ಇವುಗಳ ಸುತ್ತ ಲಿಗ್ನೋಕೇನ್, ಬುಪಿವಕೇನ್ ತರಹದ ಔಷಧಿ ಹಾಕುತ್ತಾ ಹೋಗುತ್ತಾರೆ. ಹಲ್ಲು ಕೀಳುವಾಗ ಕೊಡುತ್ತಾರಲ್ಲ, ಅದೇ ಜಾತಿಯದು. ರೋಗಿ ಎಚ್ಚರ ಇರುತ್ತಾನೆ. ಅಪ್ಪಯ್ಯ ಹೇಳಿದ್ದು ಹೀಗೆ: ಮೊದಲು ನಾಲ್ಕೈದು ಸಲ ಇರುವೆ ಕಚ್ಚಿದ ಹಾಗೆ ಉರಿ, ಆಮೇಲೆ ಯಾರೋ ಪಂಚೆ ಎಳೆದ ಹಾಗೆ ಎಳೆತ, ನೋವಿಲ್ಲ. ನಡುವೆ ಒಂದು ಸಲ ಚುರುಕ್ ಅಂದಾಗ ಹೇಳಿದನಂತೆ, ಇನ್ನೊಂದಿಷ್ಟು ಔಷಧಿ ಹಾಕಿದರು. ಕೊನೆಗೆ "ಒಮ್ಮೆ ಕೆಮ್ಮಿ ಅಜ್ಜ" ಅಂದು ಹೊಲಿಗೆ ಗಟ್ಟಿ ಇದೆಯಾ ಅಂತ ನೋಡಿದರಂತೆ. ಸುಮಾರು ಒಂದು ಗಂಟೆ.

ಇದರ ಲಾಭ ವಯಸ್ಸಾದವರಿಗೇ ಜಾಸ್ತಿ. ಬಿಪಿ ದಡಕ್ಕನೆ ಇಳಿಯುವುದಿಲ್ಲ. ಉಸಿರಾಟ ತನ್ನಷ್ಟಕ್ಕೆ ನಡೆಯುತ್ತಿರುತ್ತದೆ. ಮೂತ್ರಕೋಶದ ನರ ಮರಗಟ್ಟುವುದಿಲ್ಲವಾದ್ದರಿಂದ ಮೂತ್ರ ಕಟ್ಟುವುದು ತೀರಾ ಕಡಿಮೆ. ಕಾಲು ಜೋಮು ಹಿಡಿಯುವುದಿಲ್ಲ, ಬೇಗ ಎದ್ದು ಓಡಾಡಬಹುದು. ಹರ್ನಿಯಾ ತಜ್ಞರ ಅಂತರರಾಷ್ಟ್ರೀಯ ಗುಂಪೊಂದು 2018ರಲ್ಲಿ ಮಾರ್ಗಸೂಚಿ ಹೊರತಂದಿತು. ಓಪನ್ ಆಪರೇಶನ್ ಆಗಿದ್ದು, ಗಂಟು ಒಳಗೆ ಹೋಗುವಂಥದ್ದಾಗಿದ್ದು, ಸರ್ಜನ್‌ಗೆ ರೂಢಿ ಇದ್ದರೆ ಲೋಕಲ್ ಮಾಡಿ ಅಂತ ಅದರಲ್ಲಿದೆ. 65 ದಾಟಿದವರಿಗಂತೂ ಬೆನ್ನಿನ ಇಂಜೆಕ್ಷನ್‌ಗಿಂತ ಲೋಕಲ್ ಅಥವಾ ಜನರಲ್ ಮೇಲು ಅನ್ನುವ ಸಲಹೆಯೂ ಇದೆ, ಹಾರ್ಟ್ ಅಟ್ಯಾಕ್, ನ್ಯುಮೋನಿಯಾ, ರಕ್ತ ಹೆಪ್ಪುಗಟ್ಟುವುದು ಬಹುಶಃ ಕಡಿಮೆ ಆಗುತ್ತದೆ ಅನ್ನುವ ಕಾರಣಕ್ಕೆ. ಇದು ಸಲಹೆ, ಕಟ್ಟಪ್ಪಣೆ ಅಲ್ಲ. ನಮ್ಮಲ್ಲಿ ಹೆಚ್ಚಿನ ಕಡೆ ಸ್ಪೈನಲ್ಲೇ ನಡೆಯುತ್ತದೆ, ಹೆಚ್ಚಿನವರು ಚೆನ್ನಾಗಿಯೇ ಮನೆಗೆ ಬರುತ್ತಾರೆ.

"ಸರ್ಜನ್‌ಗೆ ರೂಢಿ ಇದ್ದರೆ" ಅನ್ನುವ ಮಾತನ್ನು ಮಾತ್ರ ಹಗುರ ಮಾಡಬೇಡಿ. ಲೋಕಲ್‌ನಲ್ಲಿ ಕೈ ಮೆದು ಇರಬೇಕು, ಎಳೆದಾಡಬಾರದು, ಔಷಧಿ ಎಲ್ಲಿ ಎಷ್ಟು ಅಂತ ಗೊತ್ತಿರಬೇಕು. ಔಷಧಿಗೆ ಮೈತೂಕದ ಮೇಲೆ ಮಿತಿ ಇದೆ, ಮಿತಿ ಮೀರಿದರೆ ಫಿಟ್ಸ್ ಬರಬಹುದು, ಹಾರ್ಟಿನ ತಾಳ ತಪ್ಪಬಹುದು. 45 ಕೆ.ಜಿ. ತೂಗುವ ಸಣಕಲು ಅಜ್ಜನಿಗೆ ಕೊಡಬಹುದಾದ್ದು 75 ಕೆ.ಜಿ.ಯವನಿಗಿಂತ ಎಷ್ಟೋ ಕಡಿಮೆ. ಹಾಗಾಗಿ "ನೀವು ಲೋಕಲ್‌ನಲ್ಲಿ ಮಾಡುತ್ತೀರಾ ಸರ್, ಆಗಾಗ ಮಾಡುತ್ತೀರಾ?" ಅಂತ ನೇರ ಕೇಳಿ. "ನನಗೆ ಅದು ಅಭ್ಯಾಸ ಇಲ್ಲ" ಅಂದರೆ ಅದು ಪ್ರಾಮಾಣಿಕ ಉತ್ತರ. ಅಂಥವರ ಹತ್ತಿರ ಒತ್ತಾಯ ಮಾಡಿ ಲೋಕಲ್ ಮಾಡಿಸುವುದಕ್ಕಿಂತ ಅವರಿಗೆ ಕೈಗೂಡಿದ ದಾರಿಯೇ ವಾಸಿ, ಅಥವಾ ಮಾಡುವವರನ್ನು ಹುಡುಕಿ. ಲೋಕಲ್‌ನಲ್ಲೂ ಅನಸ್ತೇಶಿಯಾ ಡಾಕ್ಟರ್ ಪಕ್ಕದಲ್ಲಿರಬೇಕು, ಬಿಪಿ, ಆಕ್ಸಿಜನ್, ಇಸಿಜಿ ಮಾನಿಟರ್ ನಡೆಯುತ್ತಿರಬೇಕು. ಅದನ್ನೂ ಕೇಳಿ.

ತೂಕಡಿಕೆಯ ಔಷಧಿ ಬೇಕಾದರೆ ಕೊಡಲಿ, ಆದರೆ ವಯಸ್ಸಾದವರಿಗೆ ಆದಷ್ಟು ಕಡಿಮೆ. ಮಿಡಾಜೋಲಾಮ್ ಅಂಥದ್ದು ಜಾಸ್ತಿ ಆದರೆ ಉಸಿರು ನಿಧಾನ ಆಗುತ್ತದೆ, ಆಮೇಲೆ ಗಲಿಬಿಲಿಯೂ ಬರಬಹುದು. ಪೂರ್ತಿ ಮತ್ತು ಬೇಡ ಅಂತ ಲೋಕಲ್ ಆರಿಸಿ ತೂಕಡಿಕೆಗೇ ಇಷ್ಟೊಂದು ಕೊಟ್ಟರೆ ಅದರ ಅರ್ಧ ಲಾಭ ಹೋಯಿತಲ್ವಾ.

ಯಾರಿಗೆ ಆಗುವುದಿಲ್ಲ? ಗಂಟು ವೃಷಣದ ಚೀಲಕ್ಕಿಳಿದು ತೆಂಗಿನಕಾಯಿ ಗಾತ್ರ ಆಗಿದ್ದರೆ ಕಷ್ಟ. ತುಂಬಾ ದಪ್ಪ ಮೈಯವರಿಗೆ ಕಷ್ಟ. ಸಿಕ್ಕಿಹಾಕಿಕೊಂಡ ಹರ್ನಿಯಾಕ್ಕೆ ಸಾಮಾನ್ಯವಾಗಿ ಬೇಡ. ಒಂದು ಗಂಟೆ ಅಲುಗಾಡದೆ ಮಲಗಲಾರದವರಿಗೆ, ಹೇಳಿದ್ದು ಅರ್ಥ ಆಗದಷ್ಟು ಮರೆವು ಇರುವವರಿಗೆ ಬೇಡ. ನಮ್ಮ ಸೋದರತ್ತೆಗೆ ಹೊಕ್ಕುಳ ಹರ್ನಿಯಾ ಇತ್ತು, ಗಂಟು ಸಣ್ಣದೇ. ಆದರೆ ಅವಳಿಗೆ ನೆನಪು ಅಳಿಸುತ್ತಾ ಬಂದಿತ್ತು, ಹೊಸ ಜಾಗ ಕಂಡರೆ ಗಾಬರಿಯಾಗಿ ಎದ್ದು ಹೊರಟುಬಿಡುತ್ತಿದ್ದಳು. ಅವಳಿಗೆ ಜನರಲ್ ಕೊಟ್ಟದ್ದೇ ಸರಿಯಾಯಿತು.

ಬೆನ್ನಿನ ಇಂಜೆಕ್ಷನ್

ಸೊಂಟದ ಹತ್ತಿರ, ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ, ಕೂದಲಿನಂಥ ಸೂಜಿಯಿಂದ ಔಷಧಿ ಬಿಡುತ್ತಾರೆ. ಐದು ಹತ್ತು ನಿಮಿಷಕ್ಕೆ ಸೊಂಟದ ಕೆಳಗೆ ಭಾರ, ಆಮೇಲೆ ಮರಗಟ್ಟುತ್ತದೆ. ಎರಡು ಮೂರು ಗಂಟೆ ಹಿಡಿಯುತ್ತದೆ. ಆಪರೇಶನ್ ಹೊತ್ತಿಗೆ ನೋವು ಅನ್ನುವುದು ಚೂರೂ ಇಲ್ಲ, ಸರ್ಜನ್‌ಗೂ ನಿರಾಳ. ದಮ್ಮು ಇರುವವರಿಗೆ ಗಂಟಲಿಗೆ ಪೈಪ್ ಹಾಕುವುದು ತಪ್ಪುತ್ತದೆ. ಇದೆಲ್ಲ ನಿಜವಾದ ಲಾಭವೇ.

ತೊಂದರೆ ಎರಡು ಕಡೆ. ಕಾಲಿನ ರಕ್ತನಾಳ ಸಡಿಲ ಆಗಿ ಬಿಪಿ ಇಳಿಯುತ್ತದೆ. ಹುಷಾರಿರುವವರಿಗೆ ಡ್ರಿಪ್ಪು, ಔಷಧಿ ಕೊಟ್ಟು ಸರಿಮಾಡುತ್ತಾರೆ. ಹಾರ್ಟಿನ ಮಹಾಧಮನಿಯ ವಾಲ್ವ್ ತುಂಬಾ ಕಿರಿದಾಗಿರುವ ಅಜ್ಜನಿಗೆ ಅದೇ ಇಳಿತ ಅಪಾಯ. ಅದಕ್ಕೇ ನಡೆದರೆ ಎದೆ ಬಿಗಿಯುತ್ತದೆ, ತಲೆ ಸುತ್ತಿ ಬಿದ್ದಿದ್ದಾರೆ, ಡಾಕ್ಟರ್ ಎದೆಯಲ್ಲಿ ಸದ್ದು ಕೇಳುತ್ತದೆ ಅಂದಿದ್ದಾರೆ ಅಂದರೆ ಎಕೋ (ಹಾರ್ಟಿನ ಸ್ಕ್ಯಾನ್) ಮಾಡಿಸದೆ ಮುಂದೆ ಹೋಗಬೇಡಿ. ಇನ್ನೊಂದು ಮೂತ್ರ. ಮೂತ್ರಕೋಶಕ್ಕೆ ಹೋಗುವ ನರವೂ ಮರಗಟ್ಟುವುದರಿಂದ ತುಂಬಿದ್ದು ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ಅದು ಹಿಗ್ಗಿ ಬಲ ಕಳೆದುಕೊಂಡಿರುತ್ತದೆ. ಕೆಳಗೆ ಪ್ರಾಸ್ಟೇಟ್ ಅಡ್ಡ ಇದ್ದರೆ ಮುಗಿಯಿತು. ಅಪ್ಪಯ್ಯನಿಗೆ ಆದದ್ದು ಇದೇ. ಆ ರಾತ್ರಿ ಅವನು ಗೋಡೆ ಹಿಡಿದು ನಿಂತು, ನನ್ನ ಮುಖ ನೋಡಲಾರದೆ, "ಬತ್ತಿಲ್ಲೆ ಮಾರಾಯ" ಅಂದದ್ದು ಇವತ್ತಿಗೂ ಕಣ್ಣ ಮುಂದೆ ಇದೆ. ಸ್ಪೈನಲ್ಲೇ ಆಗಬೇಕು ಅಂತಾದರೆ ಮೊದಲೇ ಪ್ರಾಸ್ಟೇಟ್ ವಿಷಯ ಹೇಳಿ, ಟ್ಯಾಮ್ಸುಲೋಸಿನ್ ಅಂಥ ಮಾತ್ರೆ ನಡೆಯುತ್ತಿದ್ದರೆ ಮುಂದುವರಿಸುವುದಾ ಅಂತ ಕೇಳಿ, ಔಷಧಿ ಪ್ರಮಾಣ ಕಡಿಮೆ ಮಾಡಲು ಆಗುತ್ತದಾ ಅಂತ ಕೇಳಿ, ಆಪರೇಶನ್‌ಗೆ ಹೋಗುವ ಮುಂಚೆ ಮೂತ್ರ ಮಾಡಿಸಿಯೇ ಕಳಿಸಿ.

ಬೆನ್ನು ಬಾಗಿ, ಮೂಳೆ ಗಟ್ಟಿಯಾಗಿ, ಸೂಜಿಗೆ ದಾರಿ ಸಿಗದೆ ನಾಲ್ಕು ಸಲ ಚುಚ್ಚಬೇಕಾಗುವುದೂ ಉಂಟು. "ಬೆನ್ನಿಗೆ ಇಂಜೆಕ್ಷನ್ ತಗೊಂಡರೆ ಜೀವನಪೂರ್ತಿ ಸೊಂಟನೋವು" ಅನ್ನುವ ಮಾತು ಮಾತ್ರ ಸುಳ್ಳು. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಅಷ್ಟೇ. ಇಂಜೆಕ್ಷನ್ ನಂತರದ ತಲೆನೋವೂ ಪ್ರಾಯದವರಿಗಿಂತ ಮುದುಕರಲ್ಲಿ ಕಡಿಮೆ.

ಪೂರ್ತಿ ಮತ್ತು

ಇದಕ್ಕೆ ನಮ್ಮ ಊರುಗಳಲ್ಲಿ ಇರುವಷ್ಟು ಹೆದರಿಕೆ ಬೇರೆ ಯಾವುದಕ್ಕೂ ಇಲ್ಲ. "ಮುದುಕರನ್ನು ಮಲಗಿಸಿದರೆ ಏಳುವುದಿಲ್ಲ", "ಎದ್ದರೂ ಬುದ್ಧಿ ಮೊದಲಿನ ಹಾಗೆ ಇರುವುದಿಲ್ಲ" ಅಂತ. ಈಗಿನ ಔಷಧಿಗಳು ಬೇಗ ಇಳಿಯುತ್ತವೆ, ಮಾನಿಟರ್ ಇದೆ, ಹಳೆಯ ಕಾಲದ ಈಥರ್ ಅಲ್ಲ. ಬುದ್ಧಿಯ ವಿಷಯದಲ್ಲಿ ಸೊಂಟದ ಮೂಳೆ ಮುರಿದ ವಯಸ್ಸಾದವರ ಮೇಲೆ 2021 ಮತ್ತು 2022ರಲ್ಲಿ ಎರಡು ದೊಡ್ಡ ಅಧ್ಯಯನ ಬಂದವು, ಒಂದರಲ್ಲಿ 1600 ಜನ, ಇನ್ನೊಂದರಲ್ಲಿ 950. ಅರ್ಧ ಜನಕ್ಕೆ ಬೆನ್ನಿನ ಕಡೆಯದು, ಅರ್ಧ ಜನಕ್ಕೆ ಜನರಲ್. ಆಪರೇಶನ್ ನಂತರದ ಗಲಿಬಿಲಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಅದು ಮೂಳೆಯ ಆಪರೇಶನ್, ಹರ್ನಿಯಾ ಅಲ್ಲ ನಿಜ. ಆದರೂ "ಬೆನ್ನಿಗೆ ಕೊಟ್ಟರೆ ಬುದ್ಧಿ ಉಳಿಯುತ್ತದೆ" ಅನ್ನುವ ಒಂದೇ ಕಾರಣಕ್ಕೆ ಸ್ಪೈನಲ್ ಆರಿಸಬೇಡಿ.

ಎರಡೂ ಕಡೆ ಹರ್ನಿಯಾ, ಅಥವಾ ಹಿಂದೆ ಓಪನ್ ಮಾಡಿದ್ದು ಮತ್ತೆ ಬಂದಿದೆ, ಮನುಷ್ಯ ಗಟ್ಟಿ ಇದ್ದಾನೆ ಅಂದರೆ ಜನರಲ್ ಕೊಟ್ಟು ಲ್ಯಾಪರೋಸ್ಕೋಪಿ ಒಳ್ಳೆಯ ದಾರಿ. ಯಲ್ಲಾಪುರದ ನಮ್ಮ ನೆಂಟರೊಬ್ಬರಿಗೆ, 68 ವರ್ಷ, ಎರಡೂ ಕಡೆ ಒಟ್ಟಿಗೇ ಹಾಗೆ ಮಾಡಿದರು, ನೋವೂ ಕಡಿಮೆ, ಬೇಗ ತೋಟಕ್ಕಿಳಿದರು. ಕಷ್ಟ ಆಗುವುದು ಬೀಡಿ ಸೇದಿ ಲಂಗ್ಸ್ ಹಾಳಾದವರಿಗೆ, ಹಾರ್ಟ್ ಪಂಪಿಂಗ್ ತೀರಾ ಕಡಿಮೆ ಇರುವವರಿಗೆ. ಹೊಟ್ಟೆಗೆ ಗ್ಯಾಸ್ ತುಂಬಿದಾಗ ಅದು ಮೇಲಕ್ಕೆ ಒತ್ತುತ್ತದೆ, ಉಸಿರಿಗೂ ಹಾರ್ಟಿಗೂ ಭಾರ. ಗೋಕರ್ಣ ಕಡೆಯ ಮೀನುಗಾರ ಗೆಳೆಯನ ದೊಡ್ಡಪ್ಪನಿಗೆ ನಾಲ್ಕು ಹೆಜ್ಜೆಗೆ ದಮ್ಮು, ಹಾರ್ಟ್ ಪಂಪಿಂಗ್ ಬರೀ 35 ಪರ್ಸೆಂಟ್. ಮೊದಲು ನೋಡಿದ ಕಡೆ ಲ್ಯಾಪರೋಸ್ಕೋಪಿ ಅಂದರು. ಎರಡನೇ ಕಡೆ ಕೇಳಿದಾಗ ಅವರು ಎಕೋ ರಿಪೋರ್ಟ್ ನೋಡಿ ಲೋಕಲ್‌ನಲ್ಲೇ ಓಪನ್ ಮಾಡಿದರು. ಎರಡನೆಯವರ ಹತ್ತಿರ ಕೇಳುವುದು ಮೊದಲಿನವರಿಗೆ ಅವಮಾನ ಅಲ್ಲ.

ಅನಸ್ತೇಶಿಯಾ ಡಾಕ್ಟರನ್ನು ನೋಡುವ ದಿನ

ಇದನ್ನು ಪಿಎಸಿ ಅನ್ನುತ್ತಾರೆ, ಆಪರೇಶನ್‌ಗೆ ಮೊದಲಿನ ತಪಾಸಣೆ. ಕೆಲವು ಕಡೆ ಹಿಂದಿನ ರಾತ್ರಿ ಐದು ನಿಮಿಷದಲ್ಲಿ ಮುಗಿಸುತ್ತಾರೆ. ನೀವೇ ಸರ್ಜನ್‌ಗೆ ಹೇಳಿ, ಒಂದು ವಾರ ಮೊದಲು ಮಾಡಿಸಲು ಆಗುತ್ತದಾ ಅಂತ. ಯಾಕೆ ವಾರ ಅಂದರೆ ಮಾತ್ರೆಗಳು.

ಮನೆಯಲ್ಲಿರುವ ಮಾತ್ರೆಯ ಎಲೆಗಳನ್ನೆಲ್ಲ ಒಂದು ಕೈಚೀಲಕ್ಕೆ ಹಾಕಿಕೊಂಡೇ ಹೋಗಿ. ಕಷಾಯ, ಲೇಹ್ಯ, ನಾಟಿ ಔಷಧಿ ಇದ್ದರೆ ಅದನ್ನೂ ಹೇಳಿ, ಮುಚ್ಚಿಡಬೇಡಿ. ರಕ್ತ ತೆಳುವಾಗುವ ಮಾತ್ರೆ ಇದ್ದರೆ ಅದೇ ಮೊದಲ ಮಾತು. ಬರೀ ಆಸ್ಪಿರಿನ್ ಆದರೆ ಸ್ಪೈನಲ್‌ಗೆ ಸಾಮಾನ್ಯವಾಗಿ ಅಡ್ಡಿ ಇಲ್ಲ. ಕ್ಲೊಪಿಡೊಗ್ರೆಲ್ ಇದ್ದರೆ ಸ್ಪೈನಲ್‌ಗೆ 5ರಿಂದ 7 ದಿನ ಮೊದಲು ನಿಲ್ಲಿಸಬೇಕು. ವಾರ್ಫರಿನ್ ಆದರೆ ಸುಮಾರು 5 ದಿನ, ಜೊತೆಗೆ ರಕ್ತ ಎಷ್ಟು ತೆಳುವಾಗಿದೆ ಅಂತ ನೋಡುವ ಐಎನ್‌ಆರ್ ಪರೀಕ್ಷೆ. ಅಪಿಕ್ಸಬಾನ್, ರಿವರೊಕ್ಸಬಾನ್ ಆದರೆ ಸುಮಾರು 3 ದಿನ. ಬೆನ್ನಿನ ಒಳಗೆ ರಕ್ತ ಒಸರಿ ನರ ಒತ್ತಿದರೆ ಕಾಲಿನ ಬಲ ಹೋಗಬಹುದು, ಅದಕ್ಕೇ ಇಷ್ಟು ಕಟ್ಟುನಿಟ್ಟು. ಆದರೆ ನೀವಾಗಿ ನಿಲ್ಲಿಸಬೇಡಿ, ದಯವಿಟ್ಟು. ಹಾರ್ಟಿನ ರಕ್ತನಾಳಕ್ಕೆ ಸ್ಟೆಂಟ್ ಹಾಕಿ ಜಾಸ್ತಿ ದಿನ ಆಗದವರಿಗೆ ಮಾತ್ರೆ ನಿಲ್ಲಿಸುವುದೇ ಹರ್ನಿಯಾಕ್ಕಿಂತ ದೊಡ್ಡ ಅಪಾಯ. ಹಾರ್ಟ್ ಡಾಕ್ಟರ್ ಮತ್ತು ಅನಸ್ತೇಶಿಯಾ ಡಾಕ್ಟರ್ ಇಬ್ಬರೂ ಮಾತಾಡಿಕೊಂಡು ಹೇಳಲಿ. ನಿಲ್ಲಿಸಲು ಆಗುವುದೇ ಇಲ್ಲ ಅಂದಾಗಲೂ ಲೋಕಲ್ ದಾರಿ ಉಳಿದಿರಬಹುದು, ಅದನ್ನು ಕೇಳಿ.

ಶುಗರ್ ಮಾತ್ರೆಯಲ್ಲಿ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ ಇದ್ದರೆ ಹೆಸರು ತೋರಿಸಿಯೇ ಹೇಳಿ, ಅವನ್ನು ಸಾಮಾನ್ಯವಾಗಿ 3 ದಿನ ಮೊದಲೇ ನಿಲ್ಲಿಸುತ್ತಾರೆ. ಬಿಪಿ ಮಾತ್ರೆಯಲ್ಲಿ ಟೆಲ್ಮಿಸಾರ್ಟನ್ ತರಹದ್ದನ್ನು ಆ ಬೆಳಿಗ್ಗೆ ಬಿಡಿಸುವುದುಂಟು, ಮೆಟೊಪ್ರೊಲೋಲ್ ತರಹದ್ದನ್ನು ಮುಂದುವರಿಸುತ್ತಾರೆ. ಎರಡೂ ಬಿಪಿ ಮಾತ್ರೆಯೇ, ಲೆಕ್ಕ ಮಾತ್ರ ಬೇರೆ. ಹಾಗಾಗಿ ಬೆಳಿಗ್ಗೆ ಯಾವುದು ಕೊಡಬೇಕು, ಯಾವುದು ಬೇಡ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಇನ್‌ಹೇಲರ್ ಇದ್ದರೆ ಆ ದಿನವೂ ಎಳೆದುಕೊಂಡೇ ಹೋಗಬೇಕು.

ಅಪ್ಪಂದಿರ ಮುಂದೆ ಕೇಳಲು ಮುಜುಗರ ಆಗುವ ವಿಷಯವನ್ನೂ ಹೇಳಲೇಬೇಕು. ದಿನಾ ಸಂಜೆ ಕುಡಿಯುವ ರೂಢಿ ಇದ್ದರೆ ಎಷ್ಟು ಅಂತ ಹೇಳಿ. ಆಸ್ಪತ್ರೆಯಲ್ಲಿ ಅದು ತಟ್ಟನೆ ನಿಂತು ಎರಡು ಮೂರನೇ ದಿನ ಕೈ ನಡುಗಿ, ಇಲ್ಲದ್ದು ಕಂಡು ಕೂಗಾಡಿದರೆ ಎಲ್ಲರೂ "ಮತ್ತು ತಲೆಗೇರಿತು" ಅನ್ನುತ್ತಾರೆ, ನಿಜವಾದ ಕಾರಣ ಬೇರೆ. ಬೀಡಿ ಆದಷ್ಟು ಬೇಗ ಬಿಡಿಸಿ, ಕೆಲವು ವಾರ ಮೊದಲೇ ಆದರೆ ಕೆಮ್ಮು ಕಡಿಮೆ, ಹೊಲಿಗೆಗೂ ಒಳ್ಳೆಯದು. ಕವಳ (ಎಲೆಯಡಿಕೆ) ಹಾಕುವವರು ಆ ಬೆಳಿಗ್ಗೆ ಬಾಯಿ ಖಾಲಿ ಇಟ್ಟುಕೊಂಡು ಹೋಗಬೇಕು. ತುಂಬಾ ವರ್ಷ ತಂಬಾಕಿನ ಕವಳ ಹಾಕಿ ಬಾಯಿ ಎರಡು ಬೆರಳಿನಷ್ಟೂ ತೆರೆಯದ ಹಾಗಾಗಿದ್ದರೆ ಅದನ್ನು ಅವಶ್ಯ ತೋರಿಸಿ, ಜನರಲ್‌ಗೆ ಪೈಪ್ ಹಾಕುವಾಗ ಅದು ದೊಡ್ಡ ವಿಷಯ.

ಆಮೇಲೆ ನಿಮ್ಮ ಪ್ರಶ್ನೆ. ನಾನು ಎರಡನೇ ಸಲ ಹೀಗೆ ಕೇಳಿದೆ: "ಡಾಕ್ಟ್ರೇ, ಕಳೆದ ಸಲ ಸ್ಪೈನಲ್ ಆಗಿ ಮೂತ್ರ ಕಟ್ಟಿತ್ತು. ಈ ಸಲ ಲೋಕಲ್ ಆಗುತ್ತದಾ? ಆಗದಿದ್ದರೆ ಯಾಕೆ ಆಗುವುದಿಲ್ಲ? ನಡುವೆ ನೋವಾದರೆ ಮುಂದೆ ಏನು ಮಾಡುತ್ತೀರಿ?" ಕೊನೆಯ ಪ್ರಶ್ನೆ ಮುಖ್ಯ. ಲೋಕಲ್ ಸಾಲದಿದ್ದರೆ ಅಲ್ಲೇ ಜನರಲ್‌ಗೆ ಹೋಗಬೇಕಾಗಬಹುದು, ಅದಕ್ಕೂ ಹೊಟ್ಟೆ ಖಾಲಿ ಇರಬೇಕು. ಹಾಗಾಗಿ ಲೋಕಲ್ ಅಂತ ಬೆಳಿಗ್ಗೆ ತೆಳ್ಳವು (ದೋಸೆ) ತಿನ್ನಿಸಿ ಕರೆದುಕೊಂಡು ಹೋಗಬೇಡಿ. ಊಟ ತಿಂಡಿ 6 ಗಂಟೆ ಮೊದಲು ನಿಲ್ಲಬೇಕು, ಎಣ್ಣೆ ತುಪ್ಪದ್ದಾದರೆ 8 ಗಂಟೆ. ಬರೀ ನೀರನ್ನು ಸಾಮಾನ್ಯವಾಗಿ 2 ಗಂಟೆ ಮೊದಲಿನವರೆಗೂ ಕುಡಿಯಬಹುದು. ರಾತ್ರಿಯಿಂದಲೇ ಒಂದು ಹನಿ ನೀರೂ ಕೊಡದೆ ಮಧ್ಯಾಹ್ನದವರೆಗೆ ಮುದುಕರನ್ನು ಒಣಗಿಸಿದರೆ ಬಿಪಿ ಇಳಿಯುತ್ತದೆ, ತಲೆ ಗೊಂದಲ ಆಗುತ್ತದೆ. ನೀರಿನ ಲೆಕ್ಕ ಕೇಳಿಕೊಳ್ಳಿ.

ದುಡ್ಡಿನ ವಿಷಯ ಚಿಕ್ಕದಾಗಿ: ಲೋಕಲ್ ಸಾಮಾನ್ಯವಾಗಿ ಅಗ್ಗ, ಜನರಲ್ ಲ್ಯಾಪರೋಸ್ಕೋಪಿ ದುಬಾರಿ. ಆಯುಷ್ಮಾನ್ ಕಾರ್ಡ್, ಸಹಕಾರಿ ಸೊಸೈಟಿ ಸದಸ್ಯರಿಗೆ ಯಶಸ್ವಿನಿ ಕಾರ್ಡ್ ಇದ್ದರೆ ಅಡ್ಮಿಟ್ ಆಗುವ ಮೊದಲೇ ತೋರಿಸಿ, ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾ ಅಂತ ಕೇಳಿ.

ಆಪರೇಶನ್ ಆದ ಮೇಲೆ

ಕನ್ನಡಕ, ಕಿವಿಯ ಮೆಷಿನ್ ಹತ್ತಿರವೇ ಇಟ್ಟುಕೊಂಡಿರಿ, ಹೊರಗೆ ಬಂದ ಕೂಡಲೇ ಹಾಕಿಸಿ. ಹಲ್ಲಿನ ಸೆಟ್ ಒಳಗೆ ಹೋಗುವಾಗ ತೆಗೆದಿಟ್ಟದ್ದು ಮರೆಯಬೇಡಿ. ಎದ್ದಾಗ ಪರಿಚಯದ ಮುಖ ಒಂದು ಕಾಣಲಿ. ಸುಮ್ನೆ ಕೂತು "ಈಗ ಸಂಜೆ ಐದು, ಆಪರೇಶನ್ ಆಯ್ತು, ಆಯಿ (ಅಮ್ಮ) ಹೊರಗೆ ಇದ್ದಾಳೆ" ಅಂತ ಮಾತಾಡಿಸುತ್ತಾ ಇರಿ. ರಾತ್ರಿ ದೀಪ ಆರಿಸಿ ನಿದ್ದೆಗೆ ಬಿಡಿ. ಗಲಿಬಿಲಿ ತಡೆಯಲು ಅರಿವಳಿಕೆ ಯಾವುದು ಅನ್ನುವುದಕ್ಕಿಂತ ಈ ಸಣ್ಣ ಕೆಲಸಗಳು ಜಾಸ್ತಿ ಉಪಯೋಗ ಅಂತ ನನ್ನ ಅನುಭವ.

ನೋವಿಗೆ ಪ್ಯಾರಸಿಟಮಾಲ್ ಮೊದಲು. ಕಿಡ್ನಿ ಸರಿ ಇಲ್ಲದವರಿಗೆ ಡೈಕ್ಲೊಫೆನಾಕ್ ಅಂಥದ್ದನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ಕೊಡಬೇಡಿ. ಮಲ ಗಟ್ಟಿ ಆಗಿ ತಿಣುಕುವ ಹಾಗೆ ಆಗಬಾರದು, ಅದಕ್ಕೆ ನೀರು, ಸೊಪ್ಪು, ಬೇಕಾದರೆ ಇಸಬ್ಗೋಲ್.

ಮನೆ ದೂರ ಇದ್ದರೆ ಆವತ್ತೇ ಹೊರಡುವ ಆಸೆ ಬೇಡ. ದೊಡ್ಡ ಊರುಗಳಲ್ಲಿ ಬೆಳಿಗ್ಗೆ ಬಂದು ಸಂಜೆ ಹೋಗುವುದು ಸರಿ, ಅಲ್ಲಿ ಆಸ್ಪತ್ರೆ ಹತ್ತು ನಿಮಿಷ. ನಮಗೆ ಹಾಗಲ್ಲ. ಹುಬ್ಬಳ್ಳಿಯಿಂದ ಶಿರಸಿಗೆ ಸುಮಾರು 100 ಕಿ.ಮೀ., ಮಣಿಪಾಲದಿಂದ ಆದರೆ ಘಟ್ಟವನ್ನೂ ಹತ್ತಬೇಕು, ಆಮೇಲೆ ಮನೆ ರಸ್ತೆ ಬೇರೆ. ಮೂತ್ರ ಸರಾಗ ಹೋಗಿ, ಏನಾದರೂ ಉಂಡು, ತಾನೇ ನಡೆದಾಡುವ ತನಕ ಒಂದು ರಾತ್ರಿ ಉಳಿದುಬಿಡಿ. ಕಾರಿನಲ್ಲಿ ಬರುವಾಗ ಹೊಲಿಗೆ ಮೇಲೆ ಒಂದು ಸಣ್ಣ ದಿಂಬು ಒತ್ತಿ ಹಿಡಿದುಕೊಂಡರೆ ಗುಂಡಿಗಳಲ್ಲಿ ನೋವು ಕಡಿಮೆ, ಕೆಮ್ಮು ಬಂದಾಗಲೂ ಅದೇ ಉಪಾಯ.

ಮನೆಗೆ ಬಂದ ಮೇಲೆ ಐದಾರು ಗಂಟೆ ಮೂತ್ರ ಆಗದಿದ್ದರೆ, ಕೆಳಹೊಟ್ಟೆ ಗಟ್ಟಿ ಅನ್ನಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ. ಇದಕ್ಕೆ ಆಪರೇಶನ್ ಮಾಡಿದ ದೂರದ ಆಸ್ಪತ್ರೆಗೇ ಓಡಬೇಕು ಅಂತಿಲ್ಲ, ಪೈಪ್ ಹಾಕುವುದು ಹತ್ತಿರದ ತಾಲೂಕು ಆಸ್ಪತ್ರೆಯಲ್ಲೂ ಆಗುತ್ತದೆ. ಅಪ್ಪಯ್ಯನ ಎರಡನೇ ಆಪರೇಶನ್‌ಗೆ ಹೊರಡುವ ಮೊದಲೇ ಆ ಫೋನ್ ನಂಬರನ್ನು ಆಯಿ ಅಡಿಗೆಮನೆ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಿಟ್ಟಿದ್ದಳು. ಬೇಕಾಗಲಿಲ್ಲ. ಇನ್ನೂ ಅಳಿಸಿಲ್ಲ.